ಅಂಕೆ ಮೀರಿದ ಅಂಕೆ

ಕಾಗದದಲ್ಲಿ ಹೀಗಿತ್ತು: ಸಿಎ ನೂರ ಇಪ್ಪತ್ತೈದು.
ಅದು ನನ್ನ ಅಂಕೆಯಲ್ಲವಂತೆ, ಪರೀಕ್ಷೆಯ ಹೆಸರಂತೆ.
ನನ್ನದು ಪಕ್ಕದಲ್ಲಿ, ದಪ್ಪಗೆ: ಅರವತ್ತೊಂದು.
ಅದಕ್ಕೊಂದು ಬಾಣ, ಮೇಲ್ಮುಖ.
ಇನ್ನೂ ಆಚೆ, ಸಣ್ಣಗೆ: ಮೂವತ್ತೈದರೊಳಗೆ.

ನಾರಿನ್ ಪಟ್ಟಣದಿಂದ ನಮ್ಮ ಠಾಣೆಗೆ
ವ್ಯಾನಿನಲ್ಲಿ ಎರಡು ತಾಸು.
ಯಾರದೋ ಹಿಟ್ಟಿನ ಚೀಲಕ್ಕೆ ಮೊಣಕಾಲು ಒತ್ತಿ
ಅರವತ್ತೊಂದರಲ್ಲಿ ಮೂವತ್ತೈದು ಕಳೆದೆ. ಇಪ್ಪತ್ತಾರು.
ಮತ್ತೆ ಕಳೆದೆ. ಮತ್ತೂ ಇಪ್ಪತ್ತಾರು.
ಲೆಕ್ಕ ತಪ್ಪಲಿ ಎಂದು ಇಷ್ಟು ಆಸೆಯಿಂದ
ಶಾಲೆಯಲ್ಲೂ ಕಳೆದವಳಲ್ಲ.

ನನ್ನ ಕೆಲಸ ಮುಳ್ಳು ಕಾಯುವುದು.
ಇಪ್ಪತ್ತೇಳು ವರ್ಷದಿಂದ, ಈ ಕಲ್ಲುಕೋಣೆಯಲ್ಲಿ,
ಭೂಮಿಯ ನಡುಕವನ್ನು ಬರೆಯುವ ಮುಳ್ಳು.
ಕಂಪ್ಯೂಟರ್ ಬಂದು ಹತ್ತು ವರ್ಷವಾಯಿತು. ಆದರೂ
ಹಳೆಯ ಉರುಳೆಗೆ ಕಾಗದ ಸುತ್ತುವುದನ್ನು ಬಿಟ್ಟಿಲ್ಲ,
ಬಿಡು ಎಂದು ಯಾರೂ ಹೇಳಿಲ್ಲ.

ಮೊದಲ ವರ್ಷ ಮುಳ್ಳು ಹಾರಿದಾಗಲೆಲ್ಲ
ನಾನೂ ಹಾರಿಬಿದ್ದು ಬಿಷ್ಕೆಕ್‌ಗೆ ಫೋನು ಮಾಡುತ್ತಿದ್ದೆ.
ತುರ್ದಕೂನ್, ನನಗಿಂತ ಹಳಬ, ನಗುತ್ತಿದ್ದ:
"ಮೊದಲು ಹೊರಗೆ ಹೋಗಿ ನೋಡಿ ಬಾ."
ಹೊರಗೆ, ಚೀನಾದ ದಾರಿ ಹಿಡಿದ ಲಾರಿ.
ಇನ್ನೊಮ್ಮೆ, ಬೇಸಗೆಯ ಹುಲ್ಲುಗಾವಲಿಗೆ ಏರುತ್ತಿದ್ದ ಮಂದೆ;
ಒಂದು ಟಗರು ನಮ್ಮ ಗೋಡೆಗೆ ಬೆನ್ನು ತಿಕ್ಕುತ್ತ
ಸುಖಕ್ಕೆ ಕಣ್ಣು ಮುಚ್ಚಿತ್ತು.
ಇನ್ನೊಮ್ಮೆ ಗಾಳಿ.
ಇನ್ನೊಮ್ಮೆ ಏನೂ ಇಲ್ಲ; ಎಂದರೆ, ನಮಗೆ ಕಾಣದ್ದು.

ಡಾಕ್ಟರ್ ಅನಾರ್ಕುಲ್ ಹೇಳಿದ್ದೂ ಇದನ್ನೇ.
ಗರ್ಭಕೋಶದ ನಾರುಗೆಡ್ಡೆಗೂ ಏರುತ್ತದೆ,
ಹೊಟ್ಟೆಯೊಳಗೆ ಎಲ್ಲೋ ಉರಿ ಎದ್ದರೂ,
ಪಿತ್ತಜನಕಾಂಗ ಮುನಿದರೂ,
ಮುಟ್ಟಿನ ದಿನಗಳಲ್ಲಿ ಸುಮ್ಮಸುಮ್ಮನೆಯೂ.
"ನನಗದು ನಿಂತು ಎರಡು ವರ್ಷ," ಎಂದೆ.
ಬರೆದುಕೊಳ್ಳುತ್ತಿದ್ದ ಪೆನ್ನು ಒಂದು ಕ್ಷಣ ನಿಂತಿತು.
ಆ ನಿಂತದ್ದನ್ನು ನಾನು ಓದಿದೆ.
ನಿಂತ ಮುಳ್ಳನ್ನು ಓದುವುದೂ ನನ್ನ ಕಸುಬೇ.

ಆಮೇಲೆ ಹೊಟ್ಟೆಯ ಮೇಲೆ ತಣ್ಣನೆಯ ಅಂಟು,
ಕಪ್ಪು ಪರದೆ. ಎಡ ಅಂಡಾಶಯದ ಮಗ್ಗುಲಲ್ಲಿ
ದ್ರಾಕ್ಷಿಯಷ್ಟು ಒಂದು ನೆರಳು.
"ನೀರು ತುಂಬಿದೆ. ಗೋಡೆ ನಯವಾಗಿದೆ. ಒಳ್ಳೆಯ ಲಕ್ಷಣ."
ಆರು ವಾರ ಬಿಟ್ಟು ಮತ್ತೆ ರಕ್ತ, ಇದೇ ಲ್ಯಾಬಿನಲ್ಲಿ;
ಬೇರೆಯವರ ಅಳತೆಗೋಲು ಬೇರೆ.
"ಒಂದು ಚುಕ್ಕೆಯಿಂದ ಗೆರೆಯಾಗುವುದಿಲ್ಲ, ಅಕ್ಕ."
ಎರಡನೆಯ ಚುಕ್ಕೆ ಬರುವತನಕ
ಮೊದಲನೆಯದನ್ನು ಎಲ್ಲಿಡಬೇಕು, ಹೇಳಲಿಲ್ಲ.

ತಂಗಿ ಬಾತ್ಮಾ ಬಾಣ ನೋಡಿಯೇ ಅತ್ತಳು,
ಅಂಕೆಯ ತನಕ ಬರಲೇ ಇಲ್ಲ.
ನಾರುಗೆಡ್ಡೆ, ಲಾರಿ, ಟಗರು ಎಲ್ಲ ವಿವರಿಸಿದೆ,
ನನ್ನ ದನಿ ನನಗೇ ತುರ್ದಕೂನನ ನಗುವಿನಂತೆ ಕೇಳಿತು.
ನೆರೆಯ ಸಯರಾ ಹಾಲು ತಂದವಳು ಬಾಗಿಲಲ್ಲೇ ನಿಂತು
ತನ್ನ ನಾದಿನಿಯ ಕತೆ ತೆಗೆದಳು:
ಅವಳದು ಹದಿನೆಂಟೇ ಇತ್ತಂತೆ, ಆದರೂ.
ಆ "ಆದರೂ" ಹಾಲಿನ ಪಾತ್ರೆಯ ಪಕ್ಕ
ರಾತ್ರಿಯಿಡೀ ಕೂತಿತ್ತು.
ಸುಳ್ಳೇನಲ್ಲ. ಗೆರೆ ನೆಟ್ಟಗೆ ಹರಿದ ಎಷ್ಟೋ ಇರುಳ
ಬೆನ್ನಿಗೇ ಗೋಡೆಗಳು ಬಿದ್ದಿವೆ.

ಐದನೆಯ ವಾರ. ಬೆಳಗಿನ ಜಾವ ಮೂರೂ ಹನ್ನೆರಡಕ್ಕೆ
ಮುಳ್ಳು ಹಾರಿತು. ದೊಡ್ಡದಲ್ಲ; ಬೆರಳಗಲ.
ಟಾರ್ಚು ಹಿಡಿದು ಹೊರಬಂದೆ.
ದಾರಿಯಲ್ಲಿ ಬೆಳಕಿಲ್ಲ. ಮಂದೆ ಇಳಿದು ಹೋಗಿ ತಿಂಗಳಾಗಿದೆ.
ಹಿಮದ ಮೇಲೆ ನನ್ನವೇ ಹೆಜ್ಜೆ, ಹೋಗುವವು ಮಾತ್ರ.
ಹೊಟ್ಟೆಯ ಎಡಕ್ಕೆ ಅಂಗೈ ಇಟ್ಟು ನಿಂತೆ,
ಕೇಳಿಸುತ್ತದೆ ಎನ್ನುವ ಹಾಗೆ.

ಒಳಗೆ ಬಂದು ಪುಸ್ತಕ ತೆರೆದು ಹೊತ್ತು ಬರೆದೆ,
ಎತ್ತರ ಬರೆದೆ. ಗುರುವಾರ ಮುಂಜಾನೆಯ ವ್ಯಾನಿಗೆ
ಸೀಟು ಹೇಳಬೇಕೆಂದು ಅಂಚಿನಲ್ಲಿ ಗೀಚಿಕೊಂಡೆ.
ಕಾರಣದ ಕಾಲಂ ಖಾಲಿ ಬಿಟ್ಟೆ.
ಖಾಲಿ ಬಿಡಲು ನಮಗೆ ಅನುಮತಿಯುಂಟು.